ಬಸ್ಸಲ್ಲಿ ಬಾಟ್ಲಿ ಬೇಡ, ಮೂಗು ಮುಚ್ಚಿಕೊಂಡು ನಮ್ಮನ್ನ ಇಳಿಸೋದೂ ಬೇಡ



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ, ಆಮೇಲೆ ಬೈಯೋದಿದ್ರೆ ಬೈರಿ.

ಬಸ್ಸು, ರೈಲು, ಮೆಟ್ರೊ ಒಳಗೆ ಕುಡಿಯೋಕೆ ಬಿಡಬೇಕಾ ಬೇಡವಾ ಅನ್ನೋ ಚರ್ಚೆ ಎರಡು ವಾರದಿಂದ ನಮ್ಮ ಗುಂಪುಗಳಲ್ಲಿ ನಡೀತಾ ಇದೆ. ಒಂದು ಕಡೆ ನಮ್ಮ ಕೆಲವು ಯುವ ಸಂಗಾತಿಗಳು: "ಕುಡಿಯೋದು ಅವರವರ ಇಷ್ಟ, ತಡೆಯೋದು ಪುರೋಹಿತಶಾಹಿ ಮಡಿವಂತಿಕೆ" ಅಂತಾರೆ. ಇನ್ನೊಂದು ಕಡೆ ನಮ್ಮದೇ ಸಮುದಾಯದಿಂದ ಓದಿ ನೌಕರಿಗೆ ಸೇರಿದ ಕೆಲವರು: "ಕುಡಿದೋರನ್ನ ಬಸ್ಸಿಗೆ ಹತ್ತಿಸಲೇಬಾರದು, ಮೂತಿ ನೋಡಿದ್ರೇ ಗೊತ್ತಾಗುತ್ತೆ" ಅಂತಾರೆ. ಎರಡನ್ನೂ ನಾನು ಒಪ್ಪಲ್ಲ.

ನನ್ನ ಮಾತು ಎರಡೇ ಸಾಲಿನದ್ದು. ಸಾರ್ವಜನಿಕ ವಾಹನದ ಒಳಗೆ ಯಾರೂ ಕುಡಿಯಬಾರದು. ಆದರೆ ಕುಡಿದು ಸುಮ್ಮನೆ ಕೂತು ಮನೆಗೆ ಹೋಗುವ ಮನುಷ್ಯನನ್ನು ವಾಸನೆ ನೋಡಿ, ಬಟ್ಟೆ ನೋಡಿ ಇಳಿಸುವ ಹಕ್ಕು ಯಾರಿಗೂ ಇಲ್ಲ. ಮೊದಲನೆಯದು ಕೃತ್ಯದ ಮೇಲಿನ ನಿಷೇಧ, ಎರಡನೆಯದು ಮನುಷ್ಯನ ಮೇಲಿನ ನಿಷೇಧ. ಇವೆರಡರ ನಡುವೆ ಇರೋ ಗೆರೆ ಅಳಿಸಿಹೋದ್ರೆ ಮೊದಲು ಬಸ್ಸಿಂದ ಇಳಿಯೋದು ನಮ್ಮ ಜನ.

ಮೊದಲು ಯುವ ಸಂಗಾತಿಗಳ ಮಾತಿಗೆ ಬರ್ತೀನಿ.

ಅವರ ವಾದ ಹೀಗಿದೆ: ನಾವು ದನದ ಮಾಂಸದ ಹಕ್ಕಿಗೆ ಹೋರಾಡ್ತೀವಿ, ಬಾಡೂಟದ ಹಕ್ಕು ಕೇಳ್ತೀವಿ, ಹಾಗಾದ್ರೆ ಪಾನದ ಹಕ್ಕು ಯಾಕೆ ಕೇಳಬಾರದು? ಕೇಳೋಕೆ ಚೆನ್ನಾಗಿದೆ. ಆದರೆ ಒಂದು ನೆನಪು ಮಾಡ್ತೀನಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ ನಾವೆಲ್ಲ ಸಿಟ್ಟಾಗಿದ್ದು ಯಾಕೆ? ಮದ್ಯ, ತಂಬಾಕಿನ ಜೊತೆಗೇ ಮಾಂಸಾಹಾರವನ್ನೂ ಸೇರಿಸಿ ನಿಷೇಧದ ಪಟ್ಟಿ ಮಾಡಿದ್ದಕ್ಕೆ. "ನಮ್ಮ ಊಟವನ್ನ ಹೆಂಡದ ಪಕ್ಕ ಇಟ್ರಲ್ಲ, ಬಾಡು ಅಂದ್ರೆ ಚಟನಾ?" ಅಂತ ಕೇಳಿದ್ದು ನಾವೇ ತಾನೇ? ಅವತ್ತು ಊಟ ಬೇರೆ, ಹೆಂಡ ಬೇರೆ ಅಂದು ಇವತ್ತು ಎರಡನ್ನೂ ಒಂದೇ ತಟ್ಟೆಗೆ ಬಡಿಸಿದ್ರೆ ನಮ್ಮ ವಾದಕ್ಕೆ ನಾವೇ ಕಲ್ಲು ಹಾಕಿಕೊಂಡಂಗೆ.

ಬಾಡು ತಿಂದೋನು ಪಕ್ಕದ ಸೀಟಿನೋರ ಮೇಲೆ ವಾಲಲ್ಲ. ಬಾಡು ತಿಂದು ಯಾರೂ ಕಂಡಕ್ಟರಿನ ಕಾಲರ್ ಹಿಡಿದಿಲ್ಲ. ಬಸ್ಸು ಅನ್ನೋದು ಅಡಿ ಲೆಕ್ಕದ ಜಾಗ. ಇಬ್ಬರ ಸೀಟಲ್ಲಿ ಮೂವರು ಕೂರ್ತೀವಿ, ನಿಂತೋರ ಮೈ ಕೂತೋರ ಭುಜಕ್ಕೆ ತಾಗ್ತಿರುತ್ತೆ. ಅಲ್ಲಿ ಒಬ್ಬನ ಇಷ್ಟ ಪಕ್ಕದೋನ ಉಸಿರಿಗೆ ಬಂದು ಮುಟ್ಟುತ್ತೆ. ಎದ್ದು ಬೇರೆ ಕಡೆ ಹೋಗಿ ಕೂರೋಣ ಅಂದ್ರೆ ಜಾಗ ಇರಲ್ಲ, ಇಳಿಯೋಣ ಅಂದ್ರೆ ನಮ್ಮೂರಿಗೆ ಅದೇ ಕೊನೇ ಬಸ್ಸು.

ಆ ಪಕ್ಕದ ಸೀಟಲ್ಲಿ ಯಾರಿರ್ತಾರೆ ಅನ್ನೋದನ್ನೂ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹೆಣ್ಣುಮಕ್ಕಳು ಬಸ್ಸು ತುಂಬ ಇದ್ದಾರೆ. ಗಾರ್ಮೆಂಟ್ಸಿಗೆ ಹೋಗೋರು, ಮನೆಕೆಲಸಕ್ಕೆ ಹೋಗೋರು, ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗೋರು. ಗಂಡನ ಹತ್ರ ಬಸ್ ಚಾರ್ಜ್ ಕೇಳದೆ ಮನೆಯಿಂದ ಹೊರಗೆ ಕಾಲಿಟ್ಟವರು ಎಷ್ಟು ಜನ! ಟಿಕೆಟ್ಟಿನ ದುಡ್ಡು ಉಳಿಸಿ ಹೊರಗೆ ತಂದ ಹೆಣ್ಣನ್ನ ಪಕ್ಕದ ಸೀಟಿನ ಬಾಟ್ಲಿ ಮತ್ತೆ ಒಳಕ್ಕೆ ತಳ್ಳೋದಾದ್ರೆ ಅದು ಯಾವ ಸ್ವಾತಂತ್ರ್ಯ? ಮನೇಲಿ ಕುಡುಕನ್ನ ಸಹಿಸಿ, ಹಟ್ಟೀಲಿ ಸಹಿಸಿ, ಬಸ್ಸಲ್ಲೂ ಸಹಿಸಬೇಕಾ ಅವಳು?

2023ರ ಫೆಬ್ರವರಿಯಲ್ಲಿ ವಿಜಯಪುರದಿಂದ ಮಂಗಳೂರಿಗೆ ಹೊರಟಿದ್ದ ಸರ್ಕಾರಿ ಸ್ಲೀಪರ್ ಬಸ್ಸು ಊಟಕ್ಕೆ ಅಂತ ಹುಬ್ಬಳ್ಳಿ ಹತ್ತಿರ ನಿಂತಿದ್ದಾಗ ಏನಾಯ್ತು ಅಂತ ಪೇಪರಲ್ಲಿ ಓದಿದ್ದೀರಿ. ಕುಡಿದಿದ್ದ ಒಬ್ಬ ಹೆಂಗಸೊಬ್ಬರ ಸೀಟಿನ ಮೇಲೆ ಮೂತ್ರ ಮಾಡಿದ. ಬಸ್ಸಿನೋರು ಸೇರಿ ಅವನನ್ನ ಇಳಿಸಿದ್ರು. ಇಳಿಸಿದ್ದು ಸರಿ. ಅಲ್ಲಿ ಇಳಿಸಿದ್ದು ಅವನು ಮಾಡಿದ ಕೆಲಸಕ್ಕೆ.

ಇನ್ನೂ ಒಂದು ಮಾತು. ಪಾನ ನಮ್ಮ ಸಂಸ್ಕೃತಿ ಅನ್ನೋ ಗಂಡಸರು 2019ರ ಜನವರಿ ನೆನೆಸಿಕೊಳ್ಳಿ. ರಾಯಚೂರು ಮುಂತಾದ ಕಡೆಯ ಬಡ ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಬಂದರು. ದಾರೀಲಿ ಒಬ್ಬ ತಾಯಿ ರಸ್ತೆ ಅಪಘಾತದಲ್ಲಿ ಜೀವ ಕಳಕೊಂಡರು. ಆ ಸಾಲಿನಲ್ಲಿ ನಡೆದವರಲ್ಲಿ ನಮ್ಮ ಅವ್ವಂದಿರು, ಅಕ್ಕಂದಿರು ಎಷ್ಟು ಜನ ಇದ್ದರು! ಅವರಿಗೆ ಮಡಿವಂತಿಕೆಯ ಪಾಠ ಯಾವ ಪುರೋಹಿತನೂ ಹೇಳಿಕೊಟ್ಟಿರಲಿಲ್ಲ. ಬೆನ್ನಿನ ಮೇಲಿನ ಬಾಸುಂಡೆ ಹೇಳಿಕೊಟ್ಟಿತ್ತು.

ಆದ್ದರಿಂದ ಬಸ್ಸಲ್ಲಿ, ರೈಲಲ್ಲಿ ಬಾಟ್ಲಿ ತೆಗೆಯೋದು ಬೇಡವೇ ಬೇಡ. ಇದರಲ್ಲಿ ನನಗೆ ಅನುಮಾನ ಇಲ್ಲ.

ಈಗ ಇನ್ನೊಂದು ಕಡೆಯವರಿಗೆ ಬರೋಣ. ಇವರಿಗೆ ನನ್ನ ಪ್ರಶ್ನೆ ಜಾಸ್ತಿ ಇದೆ.

ಮೊದಲನೇ ಪ್ರಶ್ನೆ: ನೀವು ಹೇಳೋ ಶಿಸ್ತು ಯಾರಿಗೆ? ನಮ್ಮ ರಾಜ್ಯದ ಹೆಮ್ಮೆ ಅಂತ 2008ರಲ್ಲಿ ಸುವರ್ಣ ರಥ ಅನ್ನೋ ರೈಲು ಬಿಟ್ಟರು. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಅಂತ ಹೆಸರು. ಅದರಲ್ಲೊಂದು ಬಾರ್ ಇದೆ, ಹೆಸರೇ 'ಮದಿರಾ'. ಟಿಕೆಟ್ಟು ಲಕ್ಷಗಟ್ಟಲೆ. ಅದು ಓಡೋದೂ ನಮ್ಮ ಪ್ಯಾಸೆಂಜರ್ ಗಾಡಿ ಓಡೋ ಅದೇ ಹಳಿ ಮೇಲೆ. ಒಂದೇ ಹಳಿ ಮೇಲೆ ಒಬ್ಬರು ಕುಡಿದ್ರೆ ಪ್ರವಾಸೋದ್ಯಮ, ಇನ್ನೊಬ್ಬರು ಕುಡಿದ್ರೆ ಅಪರಾಧ.

ಅಂತರರಾಷ್ಟ್ರೀಯ ವಿಮಾನ ತಗೊಳ್ಳಿ. ಅಲ್ಲಿ ಗಗನಸಖಿ ತಾನೇ ತಂದು ಸುರೀತಾಳೆ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರ್ತಿದ್ದ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಅಮಲೇರಿದ ಒಬ್ಬ ವಯಸ್ಸಾದ ಮಹಿಳೆಯ ಮೇಲೆ ಮೂತ್ರ ಮಾಡಿದ ಅನ್ನೋ ಆರೋಪ ಬಂತು. ಪೊಲೀಸರಿಗೆ ದೂರು ಹೋಗಿದ್ದು ಜನವರಿಯಲ್ಲಿ, ಅಂದ್ರೆ ತಿಂಗಳು ದಾಟಿದ ಮೇಲೆ. ಆಮೇಲೆ ಅವನು ಸಿಕ್ಕಿದ್ದು ನಮ್ಮ ಬೆಂಗಳೂರಲ್ಲಿ. ವಿಮಾನಯಾನ ನಿರ್ದೇಶನಾಲಯ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಹುಬ್ಬಳ್ಳಿ ಹತ್ತಿರದ ಬಸ್ಸಿನಲ್ಲಿ ಕ್ರಮ ಆಗೋಕೆ ನಿಮಿಷ ಸಾಕಾಯ್ತು. ವಿಮಾನದಲ್ಲಿ ತಿಂಗಳಿಗಿಂತ ಜಾಸ್ತಿ ಬೇಕಾಯ್ತು.

ಪ್ಯಾಸೆಂಜರ್ ಗಾಡೀಲೂ ಬಾರ್ ತೆಗೀರಿ ಅಂತ ನಾನು ಕೇಳ್ತಿಲ್ಲ. ಹೆಂಡದ ವಿಷಯದ ನೀತಿಪಾಠ ಮೂವತ್ತು ರೂಪಾಯಿ ಟಿಕೆಟ್ಟಿನೋರಿಗೆ ಮಾತ್ರ ಯಾಕೆ ಅಂತ ಕೇಳ್ತಿದೀನಿ.

ಎರಡನೇ ಪ್ರಶ್ನೆ: ಕುಡಿದಿದ್ದಾನೆ ಅಂತ ತೀರ್ಮಾನ ಮಾಡೋರು ಯಾರು, ಹೇಗೆ?

ಗಾಡಿ ಓಡಿಸೋನಿಗೆ ಅಳತೆ ಇದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯಾಂಶ ಇದ್ರೆ ತಪ್ಪು. ಊದಿಸ್ತಾರೆ, ಮೆಷಿನ್ ನಂಬರ್ ತೋರಿಸುತ್ತೆ, ಚೀಟಿ ಬರುತ್ತೆ. ಪ್ರಯಾಣಿಕನಿಗೆ ಅಂಥ ಮೆಷಿನ್ ಇಲ್ಲ. ಅವನನ್ನ ಅಳೆಯೋದು ಕಂಡಕ್ಟರಿನ ಮೂಗು, ಸೆಕ್ಯುರಿಟಿಯವನ ಕಣ್ಣು.

ಈ ಕಾನೂನು ಎರಡು ಥರ ಮಾತಾಡುತ್ತೆ, ಗಮನಿಸಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್, ಕುಡಿದು ಸಾರ್ವಜನಿಕ ಜಾಗದಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗೋ ಹಾಗೆ ನಡ್ಕೊಂಡ್ರೆ ಶಿಕ್ಷೆ ಅನ್ನುತ್ತೆ: 24 ಗಂಟೆವರೆಗೆ ಸಜೆ, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಸಮುದಾಯ ಸೇವೆ. ಅಲ್ಲಿ ನಡತೆ ಮುಖ್ಯ. ಆದರೆ 1989ರ ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ನೋಡಿ. ಗಲಾಟೆ ಮಾಡಿದ್ರೂ ತಪ್ಪು, ಬೈದ್ರೂ ತಪ್ಪು, ಬರೀ ಅಮಲಿನಲ್ಲಿ ಇದ್ರೂ ತಪ್ಪು. ಆರು ತಿಂಗಳವರೆಗೆ ಜೈಲು ಆಗಬಹುದು. ಯಾರಿಗೂ ತೊಂದರೆ ಕೊಡದೆ ಬಾಗಿಲ ಹತ್ರ ತಲೆ ತಗ್ಗಿಸಿ ಕೂತೋನೂ ಅದರ ಬಲೆಗೆ ಬೀಳ್ತಾನೆ. ಅಳೆಯೋ ಮೆಷಿನ್ ಇಲ್ಲ, ನಡತೆಯ ಷರತ್ತೂ ಇಲ್ಲ ಅಂದ್ಮೇಲೆ ಉಳಿಯೋದೇನು? ಮೂತಿ. ಬಟ್ಟೆ. ಚಪ್ಪಲಿ.

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆ ಮೇಲೆ ಮೂಟೆ ಹೊತ್ತು ಬಂದ ಒಬ್ಬ ರೈತನನ್ನ ಬಟ್ಟೆ ಕೊಳೆಯಾಗಿದೆ ಅಂತ ಒಳಗೆ ಬಿಡಲಿಲ್ಲ. ಅವನು ಕುಡಿದಿರಲಿಲ್ಲ. ಟಿಕೆಟ್ ಇತ್ತು. ಜೊತೆಗಿದ್ದ ಪ್ರಯಾಣಿಕರು ಜಗಳಕ್ಕೆ ನಿಂತರು, ವಿಡಿಯೋ ಎಲ್ಲಾ ಕಡೆ ಹರಡಿತು, ಭದ್ರತಾ ಮೇಲ್ವಿಚಾರಕನನ್ನ ಕೆಲಸದಿಂದ ತೆಗೆದರು. ಅವತ್ತು ಜನ ಗೆದ್ದಿದ್ದು ಯಾಕೆ ಗೊತ್ತಾ? ಕೊಳೆ ಬಟ್ಟೆ ಹಾಕೋದನ್ನ ತಪ್ಪು ಅನ್ನೋ ನಿಯಮ ಎಲ್ಲೂ ಇರಲಿಲ್ಲ. "ಕುಡಿದ ವಾಸನೆ ಬರ್ತಿತ್ತು" ಅನ್ನೋ ಒಂದೇ ಒಂದು ನೆಪ ಆ ಸಿಬ್ಬಂದಿ ಕೈಗೆ ಕೊಟ್ಟು ನೋಡಿ. ವಿಡಿಯೋ ಮಾಡಿದೋರೂ ಫೋನ್ ಜೇಬಿಗಿಟ್ಟು ಮುಂದಕ್ಕೆ ಹೋಗ್ತಿದ್ರು. ವಾಸನೆ ವಿಡಿಯೋದಲ್ಲಿ ಕಾಣಲ್ಲವಲ್ಲ.

ವಾಹನಕ್ಕೂ ಜಾತಿಗೂ ಇರೋ ಸಂಬಂಧ ಬಾಬಾಸಾಹೇಬರ ಬದುಕಲ್ಲೇ ಇದೆ. 1901ರಲ್ಲಿ ಹುಡುಗ ಭೀಮರಾವ್ ಅಪ್ಪನ ನೋಡೋಕೆ ಅಣ್ಣನ ಜೊತೆ ಹೊರಟು ಮಸೂರು ಸ್ಟೇಷನ್ನಲ್ಲಿ ಇಳಿದ. ಮಹಾರ್ ಹುಡುಗರು ಅಂತ ಗೊತ್ತಾದ ಮೇಲೆ ಯಾವ ಎತ್ತಿನಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿ ಹುಡುಗರೇ ಹೊಡೆದುಕೊಂಡು ಹೋಗಬೇಕಾಯ್ತು. 1929ರಲ್ಲಿ, ಆಗಲೇ ಬ್ಯಾರಿಸ್ಟರ್ ಆಗಿದ್ದವರು, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನ ಕೂರಿಸಿಕೊಂಡು ಹೋಗೋಕೆ ಒಪ್ಪಲಿಲ್ಲ. ಟಾಂಗಾ ಹೊಡೆದು ಅಭ್ಯಾಸ ಇಲ್ಲದ ನಮ್ಮೋನೊಬ್ಬ ಹೊಡೆದ, ಗಾಡಿ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರೀತು. ಅವರೇ ಬರೆದಿಟ್ಟಿರೋ ಸಂಗತಿ ಇದು.

ಇವತ್ತು ಯಾರೂ "ನೀನು ಯಾವ ಜಾತಿ, ಹತ್ತಬೇಡ" ಅಂತ ಬಾಯಿಬಿಟ್ಟು ಹೇಳಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ವಾಹನದ ಬಳಕೆಯನ್ನೂ ಹೆಸರಿಸಿ ಹೇಳಿದೆ, ಅಸ್ಪೃಶ್ಯತೆ ಕಾರಣಕ್ಕೆ ತಡೆದ್ರೆ ಶಿಕ್ಷೆ. ಹಾಗಾಗಿ ಮಾತು ಬದಲಾಗಿದೆ. "ಗಲೀಜು", "ವಾಸನೆ", "ಕುಡುಕ". ಇವು ಕೇಸು ಬೀಳದ ಮಾತುಗಳು. ಮುಟ್ಟಬೇಡ ಅನ್ನೋ ಹಳೇ ಮಾತಿಗೆ ಇವತ್ತಿನ ಬಟ್ಟೆ.

ನಾನು ದಿನಾ ಆಫೀಸಿಗೆ ಬಸ್ಸಲ್ಲೇ ಓಡಾಡೋ ಗುಮಾಸ್ತ. ನೋಡಿದ್ದು ಒಂದು ಹೇಳ್ತೀನಿ. ಸಂಜೆ ಬಸ್ಸು, ಕಾಂಕ್ರೀಟ್ ಕೆಲಸ ಮುಗಿಸಿ ಬಂದ ಒಬ್ಬಾತ ಮೆಟ್ಟಿಲ ಹತ್ರ ಕೂತಿದ್ದ. ಮೈ ತುಂಬ ಸಿಮೆಂಟು. ಸ್ವಲ್ಪ ಹಾಕಿದ್ದ, ಅದು ನಿಜ. ಮಾತಿಲ್ಲ ಕತೆಯಿಲ್ಲ, ಟಿಕೆಟ್ ದುಡ್ಡು ಅಂಗೈಲಿ ಹಿಡ್ಕೊಂಡು ಕೂತಿದ್ದ. ಅದೇ ಬಸ್ಸಿನ ಹಿಂದಿನ ಸೀಟಲ್ಲಿ ಇಸ್ತ್ರಿ ಶರಟಿನ ಮೂವರು ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಮಿಕ್ಸ್ ಮಾಡ್ಕೊಂಡು ಒಬ್ಬರಾದ ಮೇಲೊಬ್ಬರು ಕುಡೀತಾ ಇದ್ರು, ಮುಂದಿನ ಸೀಟಿನ ಹುಡುಗಿ ಜಡೆ ನೋಡಿ ಕಾಮೆಂಟು ಬೇರೆ. ಕಂಡಕ್ಟರ್ ಸೀಟಿ ಊದಿ "ಇಳಿಯಯ್ಯಾ" ಅಂದಿದ್ದು ಯಾರಿಗೆ ಹೇಳಿ? ನಾನೂ ಒಬ್ಬ ಆಂಟಿಯೂ ಜೋರು ಮಾಡಿದ ಮೇಲೆ ಅವನು ಉಳಿದ. "ಅವನೇನು ಮಾಡಿದ್ನಪ್ಪಾ ನಿಂಗೆ? ಹಿಂದಕ್ಕೆ ಹೋಗಿ ಆ ಬಾಟ್ಲಿ ಮೂಸು ನೋಡು" ಅಂದ್ರು ಆ ಆಂಟಿ. ಇಡೀ ಬಸ್ಸು ಹಿಂದಕ್ಕೆ ತಿರುಗಿ ನೋಡ್ತು. ಬಾಟ್ಲಿ ಬ್ಯಾಗಿಗೆ ಹೋಯ್ತು. ನಾನು ಇಷ್ಟುದ್ದ ಬರೀತಿರೋದನ್ನ ಆ ಆಂಟಿ ಒಂದೇ ಮಾತಲ್ಲಿ ಹೇಳಿದ್ರು.

ಕಂಡಕ್ಟರಿನ ಮೇಲೆ ನನಗೆ ದ್ವೇಷ ಇಲ್ಲ. ಅವರಲ್ಲೂ ನಮ್ಮೋರು ಬಹಳ ಜನ ಇದ್ದಾರೆ, ಹೆಣ್ಣುಮಕ್ಕಳೂ ಇದ್ದಾರೆ. ರಾತ್ರಿ ಟ್ರಿಪ್ಪಲ್ಲಿ ಕುಡುಕರ ಕೈಲಿ ಏಟು ತಿನ್ನೋರೂ ಅವರೇ. ಅದಕ್ಕೇ ಅವರಿಗೆ ಸ್ಪಷ್ಟವಾದ ನಿಯಮ ಬೇಕು. "ಮೂಗಿಗೆ ತೋಚಿದಂಗೆ ಮಾಡು" ಅನ್ನೋದು ನಿಯಮ ಅಲ್ಲ.

ಇನ್ನು ವಾಸನೆ ವಿಷಯ. ಮ್ಯಾನ್‌ಹೋಲಿಗೆ, ಪಿಟ್ಟಿಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಆದರೂ ಇಳಿಸ್ತಾನೇ ಇದ್ದಾರೆ, ನಮ್ಮೋರು ಸಾಯ್ತಾನೇ ಇದ್ದಾರೆ. ಆ ಕೆಲಸ ಮಾಡೋ ಅಣ್ಣಂದಿರನ್ನ ಕೇಳಿ: "ಕುಡೀದೆ ಇಳಿಯೋಕೆ ಆಗಲ್ಲ" ಅಂತಾರೆ. ಊರಿನ ಹೇಲು ಎತ್ತೋಕೆ ಕುಡಿಬೇಕು, ಎತ್ತಿ ಮುಗಿಸಿ ಮನೆಗೆ ಹೋಗೋವಾಗ ಕುಡಿದಿದ್ದೀಯ ಅಂತ ಬಸ್ಸಿಂದ ಇಳಿಬೇಕು. ಈ ಎರಡನ್ನೂ ಒಬ್ಬನೇ ಮನುಷ್ಯನಿಗೆ ವಿಧಿಸೋ ಸಮಾಜಕ್ಕೆ ಮೂಗು ಮುಚ್ಚಿಕೊಳ್ಳೋ ಯೋಗ್ಯತೆ ಇದೆಯಾ?

ಮೂರನೇ ಪ್ರಶ್ನೆ: ಕುಡಿದೋನು ಬಸ್ಸು ಹತ್ತಬಾರದು ಅಂದ್ರೆ ಹೇಗೆ ಮನೆಗೆ ಹೋಗಬೇಕು? ಬೈಕಲ್ಲಾ? ಕುಡಿದು ಓಡಿಸಬೇಡಿ ಅಂತ ರಸ್ತೆ ತುಂಬ ಬೋರ್ಡ್ ಹಾಕಿ, ಬಸ್ಸಿನ ಬಾಗಿಲನ್ನೂ ಮುಚ್ಚಿದ್ರೆ ಅವನು ಓಡಿಸ್ದೆ ಇನ್ನೇನು ಮಾಡ್ತಾನೆ? ಬೆಂಗಳೂರಲ್ಲಿ ಹೊಸ ವರ್ಷದ ರಾತ್ರಿ ಮೆಟ್ರೊ ಸಮಯ ವಿಸ್ತರಿಸೋದು ಯಾಕೆ? ಎಂ.ಜಿ. ರಸ್ತೆ ಕಡೆ ಸಂಭ್ರಮಿಸಿದವರು ಸುರಕ್ಷಿತವಾಗಿ ಮನೆ ಸೇರಲಿ ಅಂತ. ಬಹಳ ಒಳ್ಳೇದು. ನಾನು ಸ್ವಾಗತಿಸ್ತೀನಿ. ಅದೇ ಕಾಳಜಿ ವರ್ಷದ ಉಳಿದ ದಿನ ರಾತ್ರಿ ಒಂಬತ್ತಕ್ಕೆ ಕೂಲಿ ಮುಗಿಸಿ ತೊಂಬತ್ತು ಹಾಕಿ ಬಂದೋನಿಗೂ ಸಿಗಲಿ ಅಂತೀನಿ ಅಷ್ಟೆ. ಡಿಸೆಂಬರ್ 31ಕ್ಕೆ ಕುಡಿದೋನು ಅತಿಥಿ, ಉಳಿದ ದಿನ ಕುಡಿದೋನು ಕ್ರಿಮಿನಲ್ ಅನ್ನೋಕೆ ಆಗುತ್ತಾ?

"ಕಠಿಣ ಕಾನೂನು ತಂದ್ರೆ ಎಲ್ಲಾ ಸರಿಹೋಗುತ್ತೆ" ಅನ್ನೋರು ಬಿಹಾರದ ಕಡೆ ನೋಡಿ. 2016ರ ಏಪ್ರಿಲ್‌ನಲ್ಲಿ ಅಲ್ಲಿ ಪೂರ್ತಿ ಪಾನನಿಷೇಧ ಬಂತು. ಕುಡಿಯೋದೇ ಅಪರಾಧ. ಆ ಕಾನೂನಿನಡಿ ಮೊದಲು ಶಿಕ್ಷೆಯಾಗಿದ್ದು ಯಾರಿಗೆ ಗೊತ್ತಾ? 2017ರ ಜುಲೈನಲ್ಲಿ ಜಹಾನಾಬಾದಿನ ಇಬ್ಬರು ಅಣ್ಣತಮ್ಮಂದಿರಿಗೆ. ಮುಸಹರ ಸಮುದಾಯದ ದಿನಗೂಲಿಗಳು. ಐದೈದು ವರ್ಷ ಜೈಲು, ತಲಾ ಒಂದು ಲಕ್ಷ ದಂಡ. ಇಲಿ ಹಿಡಿದು ತಿಂದು ಬದುಕಿದ ಜನ ಅಂತ ಇವರನ್ನೇ ಊರೆಲ್ಲ ಹೀಯಾಳಿಸಿದ್ದು. ಅವರ ಹತ್ರ ಲಕ್ಷ ಎಲ್ಲಿಂದ ಬರಬೇಕು? 2021ರ ಡಿಸೆಂಬರ್‌ನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೇ ಮುಂದಾಲೋಚನೆ ಇಲ್ಲದ ಕಾನೂನಿಗೆ ಉದಾಹರಣೆಯಾಗಿ ಇದನ್ನ ಹೆಸರಿಸಿದ್ರು. 2022ರಲ್ಲಿ ತಿದ್ದುಪಡಿ ಮಾಡಿ, ಮೊದಲ ಸಲ ಸಿಕ್ಕಿಬಿದ್ದೋನಿಗೆ ದಂಡ ಹಾಕಿ ಬಿಡಬಹುದು ಅಂದ್ರು. ಅಷ್ಟರಲ್ಲಿ ಎಷ್ಟು ಮನೆ ಹಾಳಾಗಿತ್ತೋ. ಕೋಲು ಉದ್ದ ಆದಷ್ಟೂ ಅದು ಮೊದಲು ತಲುಪೋದು ನಮ್ಮ ಬೆನ್ನಿಗೇ.

ಸರ್ಕಾರದ ಪಾತ್ರವನ್ನೂ ಹೇಳದೆ ಬಿಡಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟಿದ್ದಾರೆ. ಅದೇ 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಒಬ್ಬ ಶಾಸಕರು ಎದ್ದು, ಹೆಂಗಸರಿಗೆ ಬಸ್ಸು ಫ್ರೀ ಕೊಟ್ರಿ, ಗಂಡಸರಿಗೆ ವಾರಕ್ಕೆರಡು ಬಾಟ್ಲಿ ಫ್ರೀ ಕೊಡಿ ಅನ್ನೋ ಧಾಟೀಲಿ ಮಾತಾಡಿದ್ರು. ಬಸ್ಸಿನ ಹಕ್ಕು ಮತ್ತೆ ಬಾಟ್ಲಿ ಎರಡನ್ನೂ ತಕ್ಕಡೀಲಿ ಇಟ್ಟು ತೂಗಿದ ಆ ಮಾತಲ್ಲಿ ಹೆಣ್ಣಿನ ಬಗ್ಗೆ, ಬಡವರ ಬಗ್ಗೆ ಎಷ್ಟು ತಾತ್ಸಾರ ಇತ್ತು ಅಂತ ಹೇಳಬೇಕಾಗಿಲ್ಲ.

1967ರ ಅಬಕಾರಿ ಪರವಾನಗಿ ನಿಯಮಗಳು ಶಾಲೆ, ಆಸ್ಪತ್ರೆ, ದೇವಸ್ಥಾನದಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಅಂತವೆ. ಅದರ ಜೊತೆಗೇ, ಪರಿಶಿಷ್ಟರು ಹೆಚ್ಚಾಗಿ ವಾಸಿಸೋ ಬಡಾವಣೆಗಳಲ್ಲೂ ಕೂಡದು ಅಂತವೆ. ಎಷ್ಟು ಜನಕ್ಕೆ ಗೊತ್ತು ಇದು? ನಮ್ಮ ಕೇರಿ ಚಿಲ್ಲರೆ ಅಂಗಡೀಲಿ ಬಿಸ್ಕತ್ತಿನ ಡಬ್ಬದ ಹಿಂದೆ ಪ್ಯಾಕೆಟ್ಟು ಸಿಗುತ್ತೆ, ಬೆಳಗ್ಗೆ ಆರಕ್ಕೂ ಸಿಗುತ್ತೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ತೊಂಬತ್ತರ ಪ್ಯಾಕೆಟ್ಟು ಬಂದು ಕೂತಿತು. ಕೆಲಸದ ಜಾಗದಿಂದ ಬಸ್‌ಸ್ಟ್ಯಾಂಡಿಗೆ ಬರೋ ದಾರೀಲಿ ನಾಲ್ಕು ವೈನ್ ಸ್ಟೋರು ಇಟ್ಟು, ಅವನ ಕೂಲಿ ಅರ್ಧ ಅಲ್ಲೇ ಇಸ್ಕೊಂಡು, ಬಸ್ಸಿನ ಬಾಗಿಲಲ್ಲಿ ಶಿಸ್ತು ಕಲಿಸೋಕೆ ನಿಲ್ತಾರೆ. ಪ್ರೊ. ಬಿ. ಕೃಷ್ಣಪ್ಪನವರ ಕಾಲದಿಂದ ದಲಿತ ಸಂಘರ್ಷ ಸಮಿತಿ ಬೀದೀಲಿ ನಿಂತು ಕೇಳಿದ್ದು ಹೆಂಡದ ಬದಲು ವಸತಿ ಶಾಲೆ, ಭೂಮಿ. ಹೆಂಡ ಕೇಳದೇನೇ ಬಂತು. ಉಳಿದಿದ್ದಕ್ಕೆ ಇನ್ನೂ ಅರ್ಜಿ ಹಾಕ್ತಾ ಇದ್ದೀವಿ.

ಹಾಗಾದ್ರೆ ಬಾಬಾಸಾಹೇಬರು ಏನು ಹೇಳಿದ್ರು ಅಂತ ಕೇಳ್ತೀರಿ. ಇಲ್ಲಿ ಎರಡು ವಿಷಯ ಒಟ್ಟಿಗೆ ನೋಡಬೇಕು. 1951ರಲ್ಲಿ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನ ಚುನಾವಣಾ ಪ್ರಣಾಳಿಕೆ ಸರ್ಕಾರದ ಪಾನನಿಷೇಧವನ್ನ ವಿರೋಧಿಸಿತು. ಬೊಕ್ಕಸಕ್ಕೆ ನಷ್ಟ, ಜೊತೆಗೆ ಕಳ್ಳಭಟ್ಟಿ ಮನೆಮನೆ ಕಸುಬಾಗುತ್ತೆ ಅನ್ನೋದು ವಾದ. ಐದು ವರ್ಷದ ಮೇಲೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯಲ್ಲ ಅನ್ನೋದೂ ಒಂದು. ಕೆಲವರು ಮೊದಲನೆಯದನ್ನ ಹಿಡ್ಕೊಂಡು ಬಾರಿಗೆ ಹೋಗ್ತಾರೆ, ಕೆಲವರು ಎರಡನೆಯದನ್ನ ಹಿಡ್ಕೊಂಡು ಲಾಠಿ ಕೇಳ್ತಾರೆ. ಎರಡನ್ನೂ ಸೇರಿಸಿ ಓದಿದ್ರೆ ಅರ್ಥ ಆಗುತ್ತೆ. ಪೊಲೀಸನ ಕೈಗೆ ನಮ್ಮ ಜನರನ್ನ ಒಪ್ಪಿಸಬೇಡಿ. ನಮ್ಮ ಜನ ತಾವೇ ಎದ್ದು ನಿಂತು, ತಮ್ಮ ಘನತೆಗಾಗಿ ಬಾಟ್ಲಿ ಕೆಳಗಿಡಲಿ. ನಾನು ಬಾಬಾಸಾಹೇಬರಿಂದ ಕಲಿತಿದ್ದು ಇದು.

ಬರೀ ಮಾತು ಸಾಕು, ಏನು ಮಾಡಬೇಕು ಅಂತೀರಾ? ನನ್ನ ಬೇಡಿಕೆಗಳು ಇವು. ಸಾರಿಗೆ ಸಚಿವರಿಗೆ ಮನವಿ ಕೊಡೋದಾದ್ರೆ ಇದೇ ಕರಡು ಅಂದ್ಕೊಳ್ಳಿ.

1. ಬಸ್ಸು, ರೈಲು, ಮೆಟ್ರೊ, ಎಲ್ಲದರ ಒಳಗೂ ಕುಡಿಯೋದು ನಿಷೇಧ. ಎ.ಸಿ. ಬಸ್ಸಿಗೂ ಕೆಂಪು ಬಸ್ಸಿಗೂ ಒಂದೇ ನಿಯಮ. ಸೀಲ್ ಒಡೆಯದ ಬಾಟ್ಲಿ ಬ್ಯಾಗಲ್ಲಿದ್ರೆ ಅದು ಅಪರಾಧ ಅಲ್ಲ. ದೆಹಲಿ ಮೆಟ್ರೊ 2023ರಿಂದ ಒಬ್ಬರಿಗೆ ಎರಡು ಸೀಲ್ ಬಾಟ್ಲಿ ತರೋಕೆ ಬಿಟ್ಟಿದೆ, ಒಳಗೆ ಕುಡಿಯೋಕೆ ಬಿಟ್ಟಿಲ್ಲ. ಅದು ಸರಿಯಾದ ಗೆರೆ.

2. ಇಳಿಸೋದಾದ್ರೆ ನಡತೆಗೆ ಇಳಿಸಿ. ಮೈ ಮೇಲೆ ಬೀಳೋದು, ಬೈಯೋದು, ವಾಂತಿ ಮಾಡಿ ಗಲೀಜು ಮಾಡೋದು, ಹೆಣ್ಣುಮಕ್ಕಳನ್ನ ಕೆಣಕೋದು, ಒಳಗೆ ಕುಡಿಯೋದು. ಕಾರಣ ಏನು, ಎಲ್ಲಿ ಇಳಿಸಿದ್ರಿ ಅಂತ ಬರೆದಿಡಿ. ಬರೀ ವಾಸನೆ ಕಾರಣ ಆಗಬಾರದು.

3. ರಾತ್ರಿ ನಡುದಾರೀಲಿ, ಹೆದ್ದಾರೀಲಿ ಯಾರನ್ನೂ ಇಳಿಸಬೇಡಿ. ಅಮಲಲ್ಲಿರೋನನ್ನ ಕತ್ತಲ ರಸ್ತೇಲಿ ಬಿಟ್ಟು ಹೋಗೋದು ಅವನ ಸಾವಿಗೆ ಟಿಕೆಟ್ ಕೊಟ್ಟಂಗೆ. ಮುಂದಿನ ಬಸ್‌ಸ್ಟ್ಯಾಂಡಿಗೋ ಠಾಣೆಗೋ ಒಪ್ಪಿಸಿ.

4. ಹೆಣ್ಣುಮಕ್ಕಳು ದೂರು ಕೊಟ್ಟ ತಕ್ಷಣ ಬಸ್ಸು ನಿಲ್ಲಿಸಿ 112ಕ್ಕೆ ಫೋನ್ ಮಾಡೋದು ಸಿಬ್ಬಂದಿಯ ಕರ್ತವ್ಯ ಆಗಲಿ. "ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅನ್ನೋ ಮಾತು ನಿಲ್ಲಲಿ.

5. ಚಾಲಕರು, ಕಂಡಕ್ಟರು, ಮೆಟ್ರೊ ಸೆಕ್ಯುರಿಟಿ, ಎಲ್ಲರ ತರಬೇತಿಯಲ್ಲೂ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು ದೌರ್ಜನ್ಯ ತಡೆ ಕಾಯ್ದೆ ಪಾಠ ಇರಲಿ.

6. ರಾತ್ರಿ ಬಸ್ಸು ಹೆಚ್ಚಿಸಿ. ಕೇರಿಗಳ ಒಳಗಿನ ಅಕ್ರಮ ಮಾರಾಟ ನಿಲ್ಲಿಸಿ. 40,000 ಕೋಟಿಯಲ್ಲಿ ಒಂದು ಪಾಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಡಿತ ಬಿಡಿಸೋ ಚಿಕಿತ್ಸೆಗೆ, ಒಂದು ಪಾಲು ಹಾಸ್ಟೆಲ್ಲುಗಳಿಗೆ ಮೀಸಲಿಡಿ.

ಕೊನೇದು ಸರ್ಕಾರಕ್ಕಲ್ಲ, ನಮಗೆ.

ಏಪ್ರಿಲ್ 14, ಡಿಸೆಂಬರ್ 6, ಜನವರಿ 1ರ ಕೋರೆಗಾಂವ್, ಇನ್ನು ಸಮಾವೇಶಗಳು. ನಾವು ಬಸ್ಸು ಮಾಡ್ಕೊಂಡು ಹೋಗ್ತೀವಿ. ಮುಂದೆ ನೀಲಿ ಬಾವುಟ, ಗಾಜಿನ ಮೇಲೆ ಬಾಬಾಸಾಹೇಬರ ಫೋಟೊ. ಹಿಂದಿನ ಸೀಟಲ್ಲಿ ಏನು ನಡೆಯುತ್ತೆ ಅಂತ ನಮಗೆಲ್ಲ ಗೊತ್ತು. ಒಂದು ವರ್ಷ ಬಂದ ಅಕ್ಕಂದಿರು ಮುಂದಿನ ವರ್ಷ ಯಾಕೆ ಬರಲ್ಲ ಅಂತ ಸಂಘಟಕರು ಮೀಟಿಂಗಲ್ಲಿ ತಲೆ ಕೆರ್ಕೊತಾರೆ. ಉತ್ತರ ಆ ಹಿಂದಿನ ಸೀಟಲ್ಲಿದೆ. ಮೆಟ್ರೊ ಗೇಟಿನಲ್ಲಿ ನಮ್ಮ ಘನತೆ ಕೇಳೋರು ನಮ್ಮ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಘನತೆ ಕೊಡಬೇಕಲ್ಲ.

ಅದಕ್ಕೆ ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಕಾರ್ಯಕ್ರಮಕ್ಕೆ ಬಸ್ಸು ಬುಕ್ ಮಾಡೋವಾಗಲೇ ಹೇಳಿಬಿಡಿ: ಈ ಬಸ್ಸಲ್ಲಿ ಬಾಟ್ಲಿ ಇಲ್ಲ. ಯಾರಾದ್ರೂ ಕುಡಿದು ಬಂದ್ರೆ ಬೈದು ಓಡಿಸಬೇಡಿ. ಮುಂದೆ ಕೂರಿಸಿ, ನೀರು ಕೊಡಿ, ಕರ್ಕೊಂಡು ಹೋಗಿ. ಬಸ್ಸಿನ ಉಸ್ತುವಾರಿಯನ್ನ ಒಬ್ಬ ಅಕ್ಕನ ಕೈಗೆ ಕೊಡಿ. ಸರ್ಕಾರ ನಿಯಮ ಮಾಡೋಕೆ ಇನ್ನೆಷ್ಟು ವರ್ಷ ತಗೊಳ್ಳುತ್ತೋ, ನಮ್ಮ ಬಸ್ಸಿಗೆ ನಾವು ಇವತ್ತೇ ಮಾಡ್ಕೋಬಹುದು.

ಒಪ್ಪದೇ ಇರೋರು ಕೆಳಗೆ ಬರೀರಿ, ಮಾತಾಡೋಣ. ಒಪ್ಪೋರು ನಿಮ್ಮ ತಾಲ್ಲೂಕಿನ ಸಂಘಟಕರಿಗೆ ತೋರಿಸಿ.

ಜೈ ಭೀಮ್.